ಮೊಣಕಾಲುದ್ದದ ಗಾಳಿ

ಫೋನಿನಲ್ಲಿ ಗೇಟಿನವನು ಹೇಳಿದ್ದು ಇಷ್ಟೇ: "ನಾನು ಸೌದೆ ತರೋಕೆ ಹೋಗಿರ್ತೀನಿ ಸಾರ್. ಮೂಗಮ್ಮ ಇರ್ತಾಳೆ. ಎಲ್ಲಾ ಅವಳೇ ತೋರಿಸ್ತಾಳೆ."

ಅಧಿಕಾರಿ ಆ ಮಾತಿಗೆ ತಮ್ಮದೇ ಅರ್ಥ ಕಟ್ಟಿಕೊಂಡರು. ಪಾಪ, ಮಾತು ಬಾರದ ಹೆಂಗಸು. ಅದಕ್ಕೇ ಅವನು 'ಹೇಳ್ತಾಳೆ' ಅನ್ನದೆ 'ತೋರಿಸ್ತಾಳೆ' ಅಂದದ್ದು.

ಕೆರೆಯ ದಂಡೆಯ ಟೆಂಟ್ ಮೈದಾನದಲ್ಲಿ ಅವರು ಬಂದಿಳಿದಾಗ ಮಧ್ಯಾಹ್ನ ಮೂರು ಗಂಟೆ. ಕಂಕುಳಲ್ಲಿ ಒಂದು ಫೈಲು, ಫೈಲಿನಲ್ಲಿ ಒಂದು ದೂರು, ದೂರಿನ ಕೆಳಗೆ ಒಂದು ನಮೂನೆ. ನಮೂನೆಯ ಕೊನೆಯಲ್ಲಿ ಎರಡು ಚೌಕ. 'ಬೆಂಕಿಗೆ ಅನುಮತಿ ಮುಂದುವರಿಸಬಹುದು' ಎಂದು ಒಂದು, 'ಬೆಂಕಿ ನಿಷೇಧಿಸತಕ್ಕದ್ದು' ಎಂದು ಇನ್ನೊಂದು. ಹಿಂದಿರುಗುವ ಮೊದಲು ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಎರಡನೆಯದಕ್ಕೆ ಬಿದ್ದರೆ ಮುಂದಿನ ಸೋಮವಾರ ಮೈದಾನದ ನಲವತ್ನಾಲ್ಕು ಬೆಂಕಿಗುಂಡಿಗಳಿಗೂ ಮಣ್ಣು ಬೀಳುತ್ತದೆ. ಬೆಂಕಿ ಉಸ್ತುವಾರಿ ಎಂಬ ಒಂದು ಹುದ್ದೆಯೂ ಅದರ ಜೊತೆಗೇ ಹೋಗುತ್ತದೆ. ಬಸ್ಸಿನಿಂದ ಇಳಿಯುವ ಮೊದಲೇ ಅಧಿಕಾರಿಯ ಮನಸ್ಸು ಎರಡನೆಯ ಚೌಕದ ಕಡೆ ವಾಲಿತ್ತು. ನಿಷೇಧಿಸಿದ ಅಧಿಕಾರಿಯ ಮೇಲೆ ಯಾರೂ ದೂರು ಬರೆಯುವುದಿಲ್ಲ ಎಂಬುದನ್ನು ಇಪ್ಪತ್ತಾರು ವರ್ಷದ ನೌಕರಿ ಅವರಿಗೆ ಕಲಿಸಿತ್ತು.

ಗೇಟಿನ ಪಕ್ಕದ ಒಂಟಿ ಕೋಣೆಯ ಮುಂದೆ, ಐವತ್ತೆಂಟರ ಆಸುಪಾಸಿನ ಹೆಂಗಸೊಬ್ಬಳು ಹಳೆಯ ಬಿಳಿ ಬೆಡ್‌ಶೀಟನ್ನು ಬೆರಳಗಲದ ಪಟ್ಟಿಗಳಾಗಿ ಹರಿಯುತ್ತ ಕೂತಿದ್ದಳು. ಅಧಿಕಾರಿ ಮುಗುಳ್ನಕ್ಕು ಗುರುತಿನ ಚೀಟಿ ಎತ್ತಿ ತೋರಿಸಿದರು. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೆಳಗಿನಿಂದ ಮೇಲಕ್ಕೆ ಆಡಿಸಿ ಬೆಂಕಿ ಮಾಡಿದರು, ಮುಷ್ಟಿಯನ್ನು ಬಾಯಿಗಿಟ್ಟು ಕೆಮ್ಮಿದರು, ಅಂಗೈ ಮೇಲೆ ಬೆರಳಿನಿಂದ ಬರೆದರು. ಆಕೆ ಕಣ್ಣು ಕಿರಿದಾಗಿಸಿ ನೋಡಿದಳು. ಮುಖದ ಮೇಲೆ ಮರುಕ ಮೂಡಿತು. ಎದ್ದು ಕುರ್ಚಿ ಒರೆಸಿ, ಕೂರಿ ಎಂಬಂತೆ ತಟ್ಟಿದಳು. ಹೆಬ್ಬೆರಳನ್ನು ಬಾಯಿಯ ಕಡೆ ಓರೆ ಮಾಡಿ, ನೀರು ಬೇಕೇ ಎಂದು ಹುಬ್ಬಿನಲ್ಲೇ ಕೇಳಿದಳು.

ಹೀಗೆ ಕಾಲು ಗಂಟೆ ನಡೆಯಿತು. ಆಕೆ ಗುಂಡಿಗಳನ್ನು ಬೆರಳು ಮಾಡಿ ತೋರಿಸಿದಳು, ಇವರು ತಲೆಯಾಡಿಸಿದರು. ಇವರು ಗುಡ್ಡ ತೋರಿಸಿದರೆ ಆಕೆ ಕೈಯನ್ನು ನೀರಿನಂತೆ ಇಳಿಜಾರಿಗೆ ಹರಿಸಿದಳು. ಇಷ್ಟು ಚೆನ್ನಾಗಿ ಅರ್ಥವಾಗುವ ಮನುಷ್ಯರು ಕಚೇರಿಯಲ್ಲೂ ಸಿಗುವುದಿಲ್ಲ ಎಂದು ಅಧಿಕಾರಿ ಅಂದುಕೊಳ್ಳುತ್ತಿರುವಾಗ ಸೌದೆಯ ತಳ್ಳುಗಾಡಿ ಗೇಟಿನೊಳಗೆ ಬಂತು.

"ಯಾಕಕ್ಕಾ, ಗಂಟಲು ಹೋಗಿದ್ಯಾ?" ಎಂದ ಗೇಟಿನವನು. ಅವನು ಆಕೆಯ ತಮ್ಮ.

"ಶ್! ಮೆಲ್ಲಗೆ ಮಾತಾಡೋ. ಪಾಪ, ಸಾಹೇಬ್ರಿಗೆ ಮಾತು ಬರಲ್ಲ."

"ಯಾರಿಗೆ? ಬೆಳಿಗ್ಗೆ ಫೋನಲ್ಲಿ ನನ್ನ ಕಿವಿ ತೂತು ಮಾಡಿದ್ದು ಇವರೇ ಕಣೆ!"

"ನನಗೆ ಬರುತ್ತೆ ರೀ!" ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು. "ಬರದೇ ಇರೋದು ಇವರಿಗೆ. ನೀವೇ ಅಲ್ವಾ ಮೂಗಮ್ಮ ಅಂದಿದ್ದು?"

"ಅಯ್ಯೋ ಸಾರ್! ಮೂಗಮ್ಮ ಅಂದ್ರೆ ಮೂಗಿನಮ್ಮ. ಮೂಗು, ಮೂಗು!" ತಮ್ಮ ತನ್ನ ಮೂಗನ್ನೇ ಹಿಡಿದು ಜಗ್ಗಿ ತೋರಿಸಿದ. ನಗು ತಡೆಯಲಾರದೆ ಸೌದೆಯ ಮೇಲೆಯೇ ಕುಸಿದು ಕೂತ. "ಮಾತು ಬರಲ್ವಂತೆ ಇವಳಿಗೆ! ಇವಳ ಮಾತಿಗೆ ಹೆದರಿ ನಮ್ಮ ಭಾವ ವಾರಕ್ಕೆ ನಾಲ್ಕು ದಿನ ಮೀನು ಹಿಡಿಯೋಕೆ ಹೋಗ್ತಾರೆ. ಅವರಿಗೆ ಮೀನು ತಿನ್ನೋದು ಅಂದ್ರೇನೇ ಆಗಲ್ಲ."

ಮೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಲು ಗಂಟೆ ಕಟ್ಟಿಟ್ಟಿದ್ದ ಮಾತು ಆಮೇಲೆ ಒಡ್ಡು ಒಡೆದಂತೆ ಬಂತು.

ಹುಟ್ಟುಹೆಸರು ಆಕೆಗೆ ಬೇರೆ ಇದೆ. ಈ ಹೆಸರು ಕೊಟ್ಟದ್ದು ಲಾಂಡ್ರಿ. ಮದುವೆಯಾದ ಮರುವರ್ಷದಿಂದ ಇಪ್ಪತ್ತೆರಡು ವರ್ಷ ಆಕೆ ಪೇಟೆಯ ದೊಡ್ಡ ಲಾಂಡ್ರಿಯೊಂದರಲ್ಲಿ ದುಡಿದವಳು. ಹೋಟೆಲುಗಳ, ಆಸ್ಪತ್ರೆಗಳ ಬಿಳಿ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಒಗೆಯುವುದು ಕೆಳಗೆ, ಒಣಗಿಸುವುದು ಮೂರನೆಯ ಅಂತಸ್ತಿನ ತಾರಸಿಯ ಮೇಲೆ. ಸುತ್ತ ಬೇಕರಿ, ಇಟ್ಟಿಗೆ ಸುಡುವ ಜಾಗ, ಟಯರ್ ಅಂಗಡಿ. ಯಾವ ಹೊತ್ತಿಗೆ ಯಾರ ಹೊಗೆ ಯಾವ ತಂತಿಗೆ ಬರುತ್ತದೆಂದು ಮೊದಲೇ ತಿಳಿಯದಿದ್ದರೆ ನೂರು ಚಾದರ ಮತ್ತೆ ನೀರಿಗೆ. ಮೊದಲ ವರ್ಷ ಆಕೆ ದಿನವೂ ಬೈಸಿಕೊಂಡಳು. ಮೂರನೆಯ ವರ್ಷಕ್ಕೆ, ಬೇಕರಿಯವನು ಒಲೆಗೆ ಕಡ್ಡಿ ಗೀರುವ ಮೊದಲೇ "ನಾಲ್ಕನೇ ತಂತಿ ತೆಗೀರಿ" ಎನ್ನುತ್ತಿದ್ದಳಂತೆ. ಒಣಗಿಸುವ ಯಂತ್ರ ಬಂದ ಮೇಲೆ ತಾರಸಿಗೆ ಬೀಗ ಬಿತ್ತು. ಮೂಗಿಗೆ ಕೆಲಸವಿಲ್ಲದಾಯಿತು. ಆಗ ಈ ಮೈದಾನದಲ್ಲಿದ್ದ ತಮ್ಮ ಬೆಂಕಿ ಉಸ್ತುವಾರಿಗೆಂದು ಕರೆದ. ಅದಾಗಿ ಹನ್ನೊಂದು ವರ್ಷ.

"ಕಳೆದ ತಿಂಗಳು ಏನಾಯ್ತು ಹಾಗಾದ್ರೆ?" ಅಧಿಕಾರಿ ಫೈಲು ಬಿಚ್ಚಿದರು. "ಹದಿನೇಳನೇ ನಂಬರಿನ ಟೆಂಟಿನವರು. ಅರ್ಧ ಗಂಟೆ ಉಸಿರಿಗೆ ಒದ್ದಾಡಿ ಆಸ್ಪತ್ರೆ ಸೇರಿದಾರೆ."

ಆ ಹೊತ್ತು ಮಾತ್ರ ಆಕೆ ನಿಜವಾಗಿಯೂ ಮೂಗಿಯಾದಳು. ಹರಿದ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ ಮಡಿಲಿಗೆ ಹಾಕಿಕೊಂಡಳು. ತಮ್ಮ ಸೌದೆ ಇಳಿಸುವ ನೆವ ಮಾಡಿ ಆಚೆ ಹೋದ.

"ಅವರನ್ನ ಇವತ್ತು ಬರೋಕೆ ಹೇಳಿದೀನಿ," ಎಂದರು ಅಧಿಕಾರಿ. "ಕೆರೆ ಕಡೆ ತುದೀಲಿ ಒಂದು ಜಾಗ ಕೊಡಿ. ಎಲ್ಲ ಬೆಂಕಿಯಿಂದ ದೂರ."

"ಬೇಡ ಸಾರ್. ಸಂಜೆ ಹೊಗೆಯೆಲ್ಲ ಹೋಗೋದೇ ಕೆರೆ ಕಡೆಗೆ. ಹದಿನೇಳೇ ಕೊಡ್ತೀನಿ."

"ಅದು ನಟ್ಟ ನಡುವೆ ಇದೆಯಲ್ರೀ!"

"ಇರಲಿ. ಅಲ್ಲೇ ಕೊಡ್ತೀನಿ."

ಐದು ಗಂಟೆಗೆ ಅವರು ಬಂದರು. ಮೂವತ್ತು ವರ್ಷ ಹತ್ತಿ ಗಿರಣಿಯ ಧೂಳು ನುಂಗಿ ಪುಪ್ಪುಸ ಕಳಕೊಂಡ ಅಜ್ಜ, ಮತ್ತು ದೂರು ಬರೆದ ಅಜ್ಜಿ. ಈಕೆ ನಿವೃತ್ತ ಶಾಲಾ ಶಿಕ್ಷಕಿ. ಊರಿಗೆಲ್ಲ ಟೀಚರಮ್ಮ. ಎರಡು ಪುಟದ ದೂರಿನಲ್ಲಿ ಒಂದೂ ಕಾಗುಣಿತ ತಪ್ಪು ಇರಲಿಲ್ಲ.

"ಇವರಿಗೆ ಒಂದು ಸಲ ಕೆಮ್ಮು ಬಂದ್ರೂ ನಾನು ಗಾಡಿ ತರಿಸ್ತೀನಿ," ಎಂದರು ಟೀಚರಮ್ಮ. "ನನಗೆ ಬರೋಕೇ ಇಷ್ಟ ಇರಲಿಲ್ಲ. ಇವರದೇ ಹಟ. ಕೆರೆ ನೋಡಬೇಕಂತೆ ಇವರಿಗೆ."

"ಕೆರೆ ಅಲ್ಲ, ಬೆಂಕಿ," ಎಂದರು ಅಜ್ಜ, ಎರಡು ಉಸಿರಿಗೆ ಒಂದು ಪದದಂತೆ. "ಕೆರೆ ನಮ್ಮೂರಲ್ಲೂ ಇದೆ."

ಟೆಂಟಿನ ಹಗ್ಗಗಳನ್ನು ಬಿಗಿಯುವ ಮೊದಲು ಮೂಗಮ್ಮ ಅಧಿಕಾರಿಯನ್ನು ಕರೆದುಕೊಂಡು ಮೈದಾನ ಸುತ್ತಿದಳು. ನೆಲದಿಂದ ಮೊಣಕಾಲೆತ್ತರದ ಗೂಟಗಳು ಎಲ್ಲೆಲ್ಲೂ ಇದ್ದವು. ಅವಕ್ಕೆಲ್ಲ ಬಿಳಿ ಪಟ್ಟಿ ಕಟ್ಟುತ್ತ ಹೋದಳು. ಹಗಲಿನ ಗಾಳಿ ಕೆರೆಯಿಂದ ಗುಡ್ಡಕ್ಕೆ ಬೀಸುತ್ತಿತ್ತು. ಪಟ್ಟಿಗಳೆಲ್ಲ ಗುಡ್ಡದ ಕಡೆ ಬೆರಳು ಮಾಡಿದವು.

"ಇಷ್ಟು ಕೆಳಗ್ಯಾಕೆ ಕಟ್ತೀರಿ? ತಲೆ ಎತ್ತರಕ್ಕೆ ಕಟ್ಟಿದ್ರೆ ಚೆನ್ನಾಗಿ ಕಾಣಲ್ವಾ?"

"ಸಂಜೆ ಗಾಳಿ ಮೊಣಕಾಲುದ್ದವೇ ಇರೋದು ಸಾರ್."

ಗಾಳಿಗೆ ಆಳ ಇರುತ್ತದೆಂದು ಅಧಿಕಾರಿ ಎಲ್ಲೂ ಓದಿರಲಿಲ್ಲ. ವಾದ ಮಾಡದೆ ಬರೆದುಕೊಂಡರು. ಬೆಂಕಿ ಹಚ್ಚದವರಿಗೆ ಆಕೆ ಒಣ ಹಳ್ಳದ ಸಾಲನ್ನೇ ಕೊಡುತ್ತಾಳೆ ಎಂಬುದನ್ನೂ ಬರೆದುಕೊಂಡರು. ಗುಡ್ಡದಿಂದ ಇಳಿದು ಬರುವ ಆ ಹಳ್ಳ ಹದಿನೇಳರ ಪಕ್ಕದಲ್ಲೇ ಹಾದು ಕೆರೆ ಸೇರುತ್ತದೆ. ಮಳೆಗಾಲ ಬಿಟ್ಟರೆ ಅದರಲ್ಲಿ ನೀರಿಲ್ಲ.

ಆರೂವರೆಯ ಹೊತ್ತಿಗೆ ಮೂವತ್ತೊಂದು ಬೆಂಕಿ ಹೊತ್ತಿಕೊಂಡಿದ್ದವು. ಮೂಗಮ್ಮ ಸುತ್ತು ಹೊರಟಳು. ಪ್ರತಿ ಬೆಂಕಿಯ ಹತ್ತಿರ ನಿಂತು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಪಕ್ಕದವರು ಯಾರು, ನೋಡಿದ್ರಾ?" ನೋಡಿಲ್ಲ ಎಂದವರನ್ನು ಕರೆದೊಯ್ದು ಪರಿಚಯ ಮಾಡಿಸುತ್ತಿದ್ದಳು. ಹೆಸರು ಗೊತ್ತಾದವರ ಮುಖಕ್ಕೆ ಹೊಗೆ ಬಿಡುವುದು ಕಷ್ಟ ಎಂಬುದು ಆಕೆಯ ಲೆಕ್ಕ. ಅಧಿಕಾರಿ ಹಿಂದೆ ಹಿಂದೆ ನಡೆದರು. ಆಕೆ ಆಗಾಗ ಅವರ ತೋಳು ಹಿಡಿದು ಬೆಂಕಿಯ ಈಚೆ ಬದಿಗೆ ಎಳೆದುಕೊಳ್ಳುತ್ತಿದ್ದಳು, ಮಗ್ಗುಲಲ್ಲಿ ಲಾರಿ ಹೋಗುತ್ತಿದ್ದರೆ ಮನೆಯವರು ಎಳೆದುಕೊಳ್ಳುವ ಹಾಗೆ. ಯಾಕೆಂದು ಅವರು ಕೇಳಲಿಲ್ಲ.

ಮೈದಾನದ ನಡುವೆ ಆಕೆ ಫಕ್ಕನೆ ನಿಂತಳು. ಮೂಗಿನ ಹೊಳ್ಳೆಗಳು ಅರಳಿದವು.

"ಹಸಿ ಸೌದೆ. ಹನ್ನೆರಡನೇ ನಂಬರು."

ಹನ್ನೆರಡು ಅಲ್ಲಿಂದ ಎಂಬತ್ತು ಹೆಜ್ಜೆ. ಅಧಿಕಾರಿಗೆ ಹೊಗೆಯೇನೂ ಕಾಣಲಿಲ್ಲ. ಹತ್ತಿರ ಹೋದಾಗ ಹನ್ನೊಂದು ಜನರ ಕುಟುಂಬವೊಂದು ಆಗತಾನೇ ಬೆಂಕಿಗೆ ಹೊಸ ಕೊಂಬೆ ಇಟ್ಟಿತ್ತು. ತೊಗಟೆಯ ತುದಿಯಲ್ಲಿ ನೀರು ಗುಳ್ಳೆ ಕಟ್ಟುತ್ತಿತ್ತು. ಕುಟುಂಬದ ಹಿರಿಯಳಿಯ, ಎಲ್ಲರೂ 'ಭಾವ' ಎಂದು ಕರೆಯುತ್ತಿದ್ದ ದಪ್ಪ ಮನುಷ್ಯ, ಊಟದ ತಟ್ಟೆಯಿಂದ ಬೀಸಿ ಬೀಸಿ ಅದನ್ನು ಎಬ್ಬಿಸುತ್ತಿದ್ದ.

"ನಿಮ್ಮ ಮನೆಯವರೊಬ್ಬರು ಹೇಳದೆ ಕೇಳದೆ ಪಕ್ಕದವರ ಟೆಂಟಿಗೆ ನುಗ್ಗಿದಾರೆ," ಎಂದಳು ಮೂಗಮ್ಮ. "ಸ್ವಲ್ಪ ಬಂದು ಕರ್ಕೊಂಡು ಹೋಗ್ತೀರಾ?"

ಹೆಂಗಸರು ಗಾಬರಿಯಾಗಿ ಮಕ್ಕಳನ್ನು ಎಣಿಸಿದರು. ಐದೂ ಇದ್ದವು. ಅತ್ತೆಯನ್ನು ನೋಡಿದರು. ಅವರೂ ಇದ್ದರು. "ಯಾರಮ್ಮಾ ಅದು?" ಎನ್ನುತ್ತ ಭಾವ ತಟ್ಟೆ ಕೆಳಗಿಟ್ಟು ಆಕೆಯ ಹಿಂದೆ ಬಂದ. ಮೂಗಮ್ಮ ಅವನನ್ನು ಪಕ್ಕದ ಟೆಂಟಿನ ಬಾಗಿಲಲ್ಲಿ ನಿಲ್ಲಿಸಿ ಸುಮ್ಮನಾದಳು. ಒಳಗೆ ದಂಪತಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಇಪ್ಪತ್ತು ಎಣಿಸುವಷ್ಟರಲ್ಲಿ ಭಾವನ ಕಣ್ಣಲ್ಲೂ ನೀರು.

"ಯಾರೂ ಕಾಣ್ತಿಲ್ವಲ್ಲಮ್ಮ," ಎಂದ ಕಣ್ಣುಜ್ಜಿಕೊಳ್ಳುತ್ತ.

"ಕಣ್ಣಿಗೆ ಕಾಣಲ್ಲ. ಕಣ್ಣೊಳಗೇ ಕೂತಿದಾರಲ್ಲ."

ಭಾವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಆ ದಂಪತಿಗೆ ಕೈಮುಗಿದು, "ನಮ್ಮದೇ ಮಗು, ಬಹಳ ತುಂಟ," ಎಂದ. ಟೆಂಟಿನೊಳಗಿಂದ ನಗು ಕೇಳಿಸಿತು. ಮೂಗಮ್ಮ ತಮ್ಮನಿಗೆ ಕೂಗಿ ಒಣ ಸೌದೆ ಒಂದು ಹೊರೆ ತರಿಸಿಕೊಟ್ಟಳು. ಹಸಿ ಕೊಂಬೆ ಬೆಂಕಿಯಿಂದ ಹೊರಬಂತು.

ಅಷ್ಟರಲ್ಲಿ ಸೂರ್ಯ ಗುಡ್ಡದ ಆಚೆ ಸರಿದ. ಗೂಟಗಳ ಪಟ್ಟಿಗಳು ಒಂದೊಂದಾಗಿ ಜೋತುಬಿದ್ದವು. ಮೂಗಮ್ಮ ಗೇಟಿಗೆ ಓಡಿ, ಅಲ್ಲಿ ತೂಗುಹಾಕಿದ್ದ ಹಳೆಯ ಪಾತ್ರೆ ಮುಚ್ಚಳವನ್ನು ಮೂರು ಸಲ ಬಡಿದಳು. ಹಳಬರು ಹೊಸಬರಿಗೆ ಕೂಗಿ ಹೇಳಿದರು: "ಸೌದೆ ಹಾಕಬೇಡಿ! ಗಾಳಿ ತಿರುಗೋ ಹೊತ್ತು!"

ಇಪ್ಪತ್ತು ನಿಮಿಷ ಮೈದಾನದಲ್ಲಿ ಯಾರೂ ಬೆಂಕಿ ಮುಟ್ಟಲಿಲ್ಲ. ಜ್ವಾಲೆಗಳು ಇಳಿದು ಕೆಂಡವಾದವು. ಎಲ್ಲಿಗೆ ಹೋಗಬೇಕೆಂದು ತಿಳಿಯದ ಚೂರುಪಾರು ಹೊಗೆ ಗುಂಡಿಗಳ ಮೇಲೆಯೇ ನಿಂತಿತ್ತು. ಮಾತುಗಳೂ ತಾವಾಗಿ ತಗ್ಗಿದವು. ಅಧಿಕಾರಿ ಹದಿನೇಳರ ಹತ್ತಿರ, ಒಣ ಹಳ್ಳದ ಅಂಚಿನಲ್ಲಿ ನಿಂತಿದ್ದರು. ಟೀಚರಮ್ಮ ಅಜ್ಜನ ಬೆನ್ನ ಮೇಲೆ ಕೈಯಿಟ್ಟು ಗೇಟಿನ ಕಡೆಗೇ ಕಣ್ಣು ನೆಟ್ಟಿದ್ದರು.

"ಕೂತ್ಕೊಳ್ಳಿ ಸಾರ್," ಎಂದಳು ಗೇಟಿನಿಂದ ಮರಳಿ ಬಂದ ಮೂಗಮ್ಮ ಪಿಸುಮಾತಿನಲ್ಲಿ. "ಕೈ ಕೆಳಗಿಡಿ. ನೆಲ ಮುಟ್ಟಬೇಡಿ. ಈಗ ಬರುತ್ತೆ."

ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಕೈ ಇಳಿಬಿಟ್ಟರು. ಏನೂ ಇಲ್ಲ. ಹುಚ್ಚರ ಸಹವಾಸ ಎನ್ನಿಸಿತು. ಏಳಬೇಕು ಎನ್ನುವಷ್ಟರಲ್ಲಿ ಹಳ್ಳದ ಮೇಲಿನ ತುದಿಯ ಗೂಟದಲ್ಲಿ ಪಟ್ಟಿ ಅಲುಗಿತು. ಅದರ ಕೆಳಗಿನದು. ಅದರ ಕೆಳಗಿನದು. ಗುಡ್ಡದಿಂದ ಯಾರೋ ಕಾಣದವರು ಒಂದೊಂದೇ ಗೂಟ ಮುಟ್ಟುತ್ತ ಇಳಿದು ಬರುತ್ತಿರುವ ಹಾಗೆ. ಮರುಕ್ಷಣ ಅವರ ಬೆರಳುಗಳ ನಡುವೆ ತಣ್ಣನೆಯದು ಹರಿಯತೊಡಗಿತು. ಹೊಳೆಗೆ ಕೈಯಿಟ್ಟ ಹಾಗೆಯೇ, ಒದ್ದೆಯಾಗಲಿಲ್ಲ ಅಷ್ಟೇ. ಕೈಯನ್ನು ಮೆಲ್ಲಗೆ ಎತ್ತಿದರು. ಮೊಣಕಾಲಿನ ಮಟ್ಟ ದಾಟಿದೊಡನೆ ಬೆಚ್ಚಗಿನ, ಅಲುಗದ ಗಾಳಿ. ಮತ್ತೆ ಇಳಿಸಿದರು. ಹೊಳೆ. ಎತ್ತಿದರು, ಇಳಿಸಿದರು. ಐವತ್ತು ದಾಟಿದ ಮನುಷ್ಯ, ಕಂಕುಳಲ್ಲಿ ಫೈಲು ಇರುವುದನ್ನೂ ಮರೆತು, ಬಕೆಟ್ಟಿನ ನೀರಲ್ಲಿ ಆಡುವ ಮಗುವಿನಂತೆ ಅದನ್ನೇ ಮಾಡುತ್ತ ಕೂತರು.

"ಹಗಲೆಲ್ಲ ಕಾದ ಗುಡ್ಡ ತಣ್ಣಗಾಗುತ್ತಲ್ಲ, ಅದು ಬಿಡೋ ಉಸಿರು ಇದು," ಎಂದಳು ಆಕೆ. "ಭಾರ ಜಾಸ್ತಿ. ನೀರು ಹರಿಯೋ ದಾರೀಲೇ ಹರಿಯುತ್ತೆ. ಹಳ್ಳಕ್ಕೆ ನೀರು ಬರೋದು ಮಳೆಗಾಲ ಮಾತ್ರ. ಇದು ವರ್ಷವಿಡೀ, ದಿನಾ ಬರುತ್ತೆ."

ಆಮೇಲೆ ಆಕೆ ಗೇಟಿನಲ್ಲಿದ್ದ ತಮ್ಮನಿಗೆ ಕೈಸನ್ನೆ ಮಾಡಿದಳು, ಅವನು ಮುಚ್ಚಳವನ್ನು ಒಂದು ಸಲ ಬಡಿದ. ಒಣ ಸೌದೆ ಬಿತ್ತು. ಮೂವತ್ತೊಂದು ಜ್ವಾಲೆಗಳು ಒಟ್ಟಿಗೆ ಎದ್ದವು, ಮೂವತ್ತೊಂದು ಹೊಗೆಗಳು ನೆಟ್ಟಗೆ ಏರಿದವು. ಮರದ ತುದಿಯ ಎತ್ತರಕ್ಕೆ ಹೋದದ್ದೇ, ಎಲ್ಲವೂ ಒಂದೇ ಮಟ್ಟದಲ್ಲಿ, ಯಾರೋ ಹೇಳಿಕೊಟ್ಟ ಹಾಗೆ, ಕೆರೆಯ ಕಡೆ ಬಾಗಿದವು. ಬಾಗಿ, ಒಂದಕ್ಕೊಂದು ಸೇರಿ, ತೆಳು ನೀಲಿ ಚಾವಣಿಯಾಗಿ ಹರಡಿದವು. ಚಾವಣಿಯ ಕೆಳಗೆ ಗಾಳಿ ತೊಳೆದಿಟ್ಟಂತಿತ್ತು. ನಲವತ್ನಾಲ್ಕು ಟೆಂಟುಗಳು, ನೂರೈವತ್ತು ಜನ, ಅವರೆಲ್ಲರ ತಲೆಯ ಮೇಲೆ ಒಂದೇ ಮಾಡು. ಅದು ಸದ್ದಿಲ್ಲದೆ ನೀರಿನ ಮೇಲಕ್ಕೆ ಜಾರಿ ಹೋಗುತ್ತಿತ್ತು.

ಅಧಿಕಾರಿ ಮಧ್ಯಾಹ್ನ ಮಾಡಿದ ಹಾಗೆ ಕೈಯೆತ್ತಿ ಮೇಲೆ ತೋರಿಸಿದರು. ಮೂಗಮ್ಮನೂ ಮಾತಿಲ್ಲದೆ ತಲೆಯಾಡಿಸಿದಳು. ಹನ್ನೊಂದು ವರ್ಷ ದಿನಾ ನೋಡಿದವಳು ಕೂಡ ಕತ್ತೆತ್ತಿಯೇ ನಿಂತಿದ್ದಳು.

"ಬೆಂಕೀನ ಹತ್ತಿರದಿಂದ ನೋಡಬಹುದಾ?" ಅಜ್ಜ ಕೇಳಿದರು.

"ಸುಮ್ನಿರಿ ನೀವು," ಎಂದರು ಟೀಚರಮ್ಮ.

ಮೂಗಮ್ಮ ಅಜ್ಜನ ಕೈಹಿಡಿದು ಹಳ್ಳದ ಅಂಚಿನಲ್ಲೇ ನಡೆಸಿ, ಹತ್ತೊಂಬತ್ತನೇ ನಂಬರಿನ ಬೆಂಕಿಗೆ ನಾಲ್ಕು ಮಾರು ದೂರದಲ್ಲಿ, ಗುಡ್ಡದ ಕಡೆ ಬೆನ್ನಾಗಿ ಸ್ಟೂಲು ಹಾಕಿ ಕೂರಿಸಿದಳು. ಆ ಟೆಂಟಿನವರು ಎದ್ದು ಜಾಗ ಬಿಟ್ಟರು. ಟೀಚರಮ್ಮ ಔಷಧಿಯ ಪಂಪು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ನಿಂತರು. ಒಂದು ನಿಮಿಷ ಕಳೆಯಿತು. ಹತ್ತಾಯಿತು. ಅಜ್ಜನ ಕೆನ್ನೆಯ ಮೇಲೆ ಕೆಂಪು ಬೆಳಕು ಆಡುತ್ತಿತ್ತು. ಎದೆ ಏರಿತು, ಇಳಿಯಿತು. ಕೆಮ್ಮು ಬರಲಿಲ್ಲ.

"ಬೆಚ್ಚಗಿದೆ," ಎಂದರು ಅಜ್ಜ ಕೊನೆಗೆ. "ಹದಿನಾಲ್ಕು ವರ್ಷ ಆಗಿತ್ತು ಕಣೇ."

ಟೀಚರಮ್ಮ ಪಂಪನ್ನು ಚೀಲಕ್ಕೆ ಹಾಕಿದರು. ಜಿಪ್ಪು ಮಾತ್ರ ಎಳೆಯಲಿಲ್ಲ.

ಅಧಿಕಾರಿ ಗೇಟಿನ ಕೋಣೆಯ ದೀಪದ ಕೆಳಗೆ ನಮೂನೆ ಬಿಡಿಸಿದರು. ಪೆನ್ನು ಮೊದಲ ಚೌಕದ ಹತ್ತಿರ ಹೋಗಿ ನಿಂತಿತು. ಅದರ ಮೇಲೊಂದು ಅಂಕಣ ಖಾಲಿ ಇತ್ತು: 'ಘಟನೆಗೆ ಕಾರಣ'. ಅದು ತುಂಬದೆ ಗುರುತು ಹಾಕುವಂತಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಆ ದಿನ ಯಾಕೆ ಹಾಗಾಯ್ತು?"

ತಮ್ಮ ಅಕ್ಕನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ. "ಗಾಳಿ ಕೆಟ್ಟಿತ್ತು ಸಾರ್, ಹಾಗೆ ಬರ್ಕೊಳ್ಳಿ," ಎಂದ.

"ಗಾಳಿ ಯಾವತ್ತೂ ಕೆಟ್ಟಿಲ್ಲ," ಎಂದಳು ಮೂಗಮ್ಮ. "ನನಗೆ ನೆಗಡಿಯಾಗಿತ್ತು ಸಾರ್. ಮೂಗು ಪೂರ್ತಿ ಕಟ್ಟಿತ್ತು. ಯಾರಿಗೂ ಹೇಳಲಿಲ್ಲ. ಮೂಗಮ್ಮನಿಗೆ ಮೂಗೇ ಇಲ್ಲ ಅಂದ್ರೆ ಇವನಿಂದ ಹಿಡಿದು ಎಲ್ಲರೂ ನಗ್ತಾರೆ ಅಂತ. ಹಳ್ಳದ ಮೇಲಿನ ತುದೀಲಿದ್ದ ಟೆಂಟಿನವರು ಬೆಂಕಿ ಹಚ್ಚಲ್ಲ ಅಂದಿದ್ರು. ಚಳಿ ಅಂತ ಟೆಂಟಿನ ಹಿಂದೆ ಮರೇಲಿ ಒಂದು ಮುರಿದ ಕುರ್ಚಿ ಸುಟ್ಟಿದಾರೆ. ಬಣ್ಣ ಬಳಿದದ್ದು. ಕತ್ತಲಲ್ಲಿ ಆ ಹೊಗೆ ಕಣ್ಣಿಗೆ ಕಾಣಲ್ಲ, ಮೂಗಿಗೇ ಗೊತ್ತಾಗಬೇಕು. ನಾನು ಅಲ್ಲೇ ಎರಡು ಸಲ ಓಡಾಡಿದೀನಿ. ಆ ವಿಷ ಹಳ್ಳ ಹಿಡಿದು ನೇರ ಈ ಅಜ್ಜನ ತಲೆದಿಂಬಿಗೆ ಬಂತು. ತಪ್ಪು ನಂದೇ. ಹಾಗೇ ಬರೀರಿ."

ಬರೆದರೆ ಬೆಂಕಿ ಉಳಿಯುತ್ತದೆ, ಆಕೆ ಉಳಿಯುವುದಿಲ್ಲ. ಆಕೆಯಿಲ್ಲದ ಬೆಂಕಿ ಎಷ್ಟು ದಿನ ಉಳಿದೀತು ಎಂಬುದೂ ಅಧಿಕಾರಿಗೆ ಈಗ ಗೊತ್ತಿತ್ತು. ಅವರು ಬಾಗಿಲ ಕಡೆ ನೋಡಿದರು. ಟೀಚರಮ್ಮ ಅಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಅಮ್ಮಾ, ನೀವು ದೂರು ವಾಪಸ್ ತಗೊಳ್ಳೋದಾದ್ರೆ..."

"ತಗೊಳ್ಳಲ್ಲ," ಎಂದರು ಟೀಚರಮ್ಮ. "ನಾನು ಬರೆದದ್ದರಲ್ಲಿ ಸುಳ್ಳೇನಿದೆ? ಅದರ ಕೊನೆಗೆ ಒಂದು ಸಾಲು ಸೇರಿಸ್ತೀನಿ. ಪೆನ್ನು ಕೊಡಿ."

ದುಂಡಗಿನ ಅಕ್ಷರದಲ್ಲಿ ಬರೆದರು: 'ಮೂಗಮ್ಮನಿಗೆ ನೆಗಡಿಯಾದ ದಿನ ಈ ಮೈದಾನದಲ್ಲಿ ಯಾರೂ ಬೆಂಕಿ ಹಚ್ಚಬಾರದು ಎಂಬುದೇ ನನ್ನ ಕೋರಿಕೆ. ಉಳಿದ ದಿನಗಳ ಬಗ್ಗೆ ನನ್ನ ದೂರಿಲ್ಲ.'

ಅಧಿಕಾರಿ ಅದನ್ನು ಎರಡು ಸಲ ಓದಿದರು. ಆಮೇಲೆ ಕಾರಣದ ಅಂಕಣದಲ್ಲಿ ಕಚೇರಿಯ ಭಾಷೆ ಹುಡುಕಿ ಹುಡುಕಿ ಬರೆದರು: 'ಉಸ್ತುವಾರಿಯ ಗ್ರಾಣಶಕ್ತಿಯ ತಾತ್ಕಾಲಿಕ ವ್ಯತ್ಯಯ. ಪರಿಹಾರ: ಸದರಿ ಉಸ್ತುವಾರಿಯನ್ನು ಮುಂದುವರಿಸುವುದು. ನೆಗಡಿಯ ದಿನಗಳಲ್ಲಿ ಬೆಂಕಿ ನಿಷೇಧ.' ಮೊದಲ ಚೌಕಕ್ಕೆ ಗುರುತು ಹಾಕಿದರು.

ಟೀಚರಮ್ಮ ಬಗ್ಗಿ ನೋಡಿ, "ಘ್ರಾಣಕ್ಕೆ ಮಹಾಪ್ರಾಣ," ಎಂದರು. ಅಧಿಕಾರಿ ತಿದ್ದಿದರು.

ಈಗ ಆ ಗೇಟಿನಲ್ಲಿ ಮುಚ್ಚಳದ ಪಕ್ಕ ಒಂದು ಹಲಗೆ ತೂಗುತ್ತದೆ. ಒಂದು ಬದಿಯಲ್ಲಿ 'ಇಂದು ಮೂಗು ಚೆನ್ನಾಗಿದೆ', ಇನ್ನೊಂದು ಬದಿಯಲ್ಲಿ 'ಇಂದು ಮೂಗು ಕಟ್ಟಿದೆ'. ಬರೆದದ್ದು ತಮ್ಮ. ನಗಬಾರದೆಂದು ತುಟಿ ಕಚ್ಚಿಕೊಂಡು ಬರೆದನಂತೆ. ಬೆಳಿಗ್ಗೆ ಎದ್ದು ಅಕ್ಕ ಒಂದು ಸೀನು ಸೀನಿದರೂ ಅವನ ಕೈ ಹಲಗೆಯ ಕಡೆ ಹೋಗುತ್ತದೆ. ಹಳಬರು ಮೊದಲು ಹಲಗೆ ನೋಡುತ್ತಾರೆ, ಟೆಂಟು ಇಳಿಸುವುದು ಆಮೇಲೆ.

ಅಧಿಕಾರಿ ಅಂದು ಕೊನೆಯ ಬಸ್ಸಿಗೆ ಹೊರಟು ಮನೆ ಸೇರಿದರು. ಅಂಗಿ ಬಿಚ್ಚಿ ಕೊಟ್ಟಾಗ ಹೆಂಡತಿ ಕಾಲರನ್ನು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.

"ಮೂವತ್ತು ಬೆಂಕಿ ಮಧ್ಯೆ ಇದ್ದೆ ಅಂತೀರಿ. ಒಂಚೂರು ಹೊಗೆ ವಾಸನೆ ಇಲ್ಲ. ನಿಜ ಹೇಳಿ, ಎಲ್ಲಿಗೆ ಹೋಗಿದ್ರಿ?"

ತೋಳು ಹಿಡಿದು ಎಳೆದುಕೊಳ್ಳುತ್ತಿದ್ದ ಆ ಕೈ ಆಗ ಅವರಿಗೆ ನೆನಪಾಯಿತು. ಉತ್ತರ ಕೊಡಲು ಬಾಯಿ ತೆರೆದರು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಹೆಂಡತಿಯ ಮುಂದೆ ಕೈಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಮೆಲ್ಲಗೆ ಹರಿಸಿ ತೋರಿಸಿದರು.